ನರಕದ ಕಲ್ಪನೆ ಎಲ್ಲಿಂದ ಬಂತು? ಗರುಡ ಪುರಾಣ ಕೇಳಿದ ಮೇಲೆ ಎದ್ದ ಪ್ರಶ್ನೆ

ಡೊಂಬಿವಲಿ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಮಾವ ತೀರಿಕೊಂಡರು. ಊರಿಗೆ ಹೋಗಲು ಆಗಲಿಲ್ಲ, ಕರ್ಮಗಳನ್ನೆಲ್ಲ ಇಲ್ಲೇ ಮಾಡಿಸಿದೆವು. ಸಂಜೆ ಹೊತ್ತು ಗರುಡ ಪುರಾಣ ಓದಿಸಿದೆವು. ಓದಲು ಬಂದವರು ಕುಂಭೀಪಾಕ, ರೌರವ ಅಂತ ಒಂದೊಂದನ್ನೂ ಬಿಡಿಸಿ ಹೇಳಿದರು. ಆಮೇಲೆ ಗೋದಾನದ ಮಾತು ಬಂತು. "ಇದನ್ನು ಸರಿಯಾಗಿ ಕೊಡದಿದ್ದರೆ ಅವರು ವೈತರಣಿ ದಾಟುವುದು ಹೇಗೆ?" ಅಂದರು. ನಾವು ಕೈಲಾದಷ್ಟು ಕೊಟ್ಟೆವು. ಆದರೆ ಅತ್ತೆಯ ಮನಸ್ಸಿಗೆ ಅದು ನಾಟಿಬಿಟ್ಟಿದೆ. ನಮ್ಮವರು ಈಗ ಎಲ್ಲಿದ್ದಾರೋ, ಎಷ್ಟು ಕಷ್ಟಪಡುತ್ತಿದ್ದಾರೋ ಅಂತ ರಾತ್ರಿ ಎದ್ದು ಕೂರುತ್ತಾರೆ. ಮಾವ ಒಂದು ಇರುವೆಗೂ ನೋವು ಕೊಟ್ಟವರಲ್ಲ.

ಮಗಳು ಏಳನೇ ಕ್ಲಾಸು, ಕಾನ್ವೆಂಟಿನಲ್ಲಿ ಓದುತ್ತಾಳೆ. ಅವರ ಹೆಲ್, ನಮ್ಮ ನರಕ, ಪಕ್ಕದ ಮನೆಯವರ ಜಹನ್ನಮ್ ಎಲ್ಲ ಒಂದೇ ಜಾಗವಾ ಅಂತ ಕೇಳುತ್ತಾಳೆ. ನನಗೆ ಉತ್ತರ ಗೊತ್ತಿಲ್ಲ. ಈ ಕಲ್ಪನೆ ಹುಟ್ಟಿದ್ದು ಹೇಗೆ? ಗ್ರಂಥಗಳು ನಿಜವಾಗಿ ಏನು ಹೇಳುತ್ತವೆ? ಓದಿಕೊಂಡವರು ದಯವಿಟ್ಟು ಹೇಳಿ.

ಮಾಟುಂಗಾ ಮೇಷ್ಟ್ರು

ತಂಗೀ, ಮೊದಲು ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ವಿಷಯ ಹಾಗಿದೆ.

ಋಗ್ವೇದದಲ್ಲಿ 'ನರಕ' ಅನ್ನುವ ಪದವೇ ಇಲ್ಲ. ಅಲ್ಲಿ ಯಮ ಅಂದರೆ ಶಿಕ್ಷೆ ಕೊಡುವವನಲ್ಲ. ಸತ್ತವರಲ್ಲಿ ಮೊದಲಿಗ ಅವನು. ಹೋಗಿ ದಾರಿ ಕಂಡುಹಿಡಿದವನು. ಹತ್ತನೇ ಮಂಡಲದ 14ನೇ ಸೂಕ್ತದಲ್ಲಿ ಸತ್ತವನಿಗೆ 'ನಮ್ಮ ಹಿರಿಯರು ಹೋದ ದಾರಿಯಲ್ಲೇ ಹೋಗು' ಅಂತ ಹೇಳುತ್ತಾರೆ. ದಾರಿ ಕಾಯಲು ನಾಲ್ಕು ಕಣ್ಣಿನ ಎರಡು ನಾಯಿಗಳಿವೆ. ಅಲ್ಲಿ ಕಾಯುತ್ತಿರುವವರು ಪಿತೃಗಳು. ಕೆಟ್ಟವರ ಬಗ್ಗೆ ಬೇರೆ ಕಡೆ ಒಂದೆರಡು ಮಾತು ಬರುತ್ತದೆ: ಅವರನ್ನು ಗುಂಡಿಗೆ, ಹಿಡಿತವೇ ಸಿಗದ ಕತ್ತಲೆಗೆ ತಳ್ಳು ಅಂತ. ಬಾಣಲೆ, ಎಣ್ಣೆ, ಗರಗಸ ಏನೂ ಇಲ್ಲ.

ನರಕಲೋಕ ಅನ್ನುವ ಮಾತು ಅಥರ್ವವೇದದಲ್ಲಿ ಬರುತ್ತದೆ. ಎಲ್ಲಿ ಗೊತ್ತಾ? ಬೇಡಿದವನಿಗೆ ಹಸು ಕೊಡದೆ ಇಟ್ಟುಕೊಂಡವನಿಗೆ ನರಕ ಅನ್ನುವ ಕಡೆ. ಅಂದರೆ ನಿಮ್ಮ ಮನೆಯಲ್ಲಿ ಕೇಳಿದ ಗೋದಾನದ ಮಾತು ಇವತ್ತಿನದಲ್ಲ. ಪದದ ಜೊತೆಗೇ ಬಂದಿದೆ. ಇದನ್ನು ಮುಚ್ಚಿಡುವುದು ಸರಿಯಲ್ಲ ಅಂತ ಹೇಳುತ್ತಿದ್ದೇನೆ.

ಪದದ ಅರ್ಥಕ್ಕೆ ಯಾಸ್ಕರ ನಿರುಕ್ತ, ಅಂದರೆ ವೇದದ ಪದಗಳ ಅರ್ಥ ಬಿಡಿಸುವ ಗ್ರಂಥ, ಎರಡು ದಾರಿ ತೋರಿಸುತ್ತದೆ. ಒಂದು, ಕೆಳಗೆ ಹೋಗುವುದು. ಇನ್ನೊಂದು, ಸಂತೋಷಕ್ಕೆ ಒಂದಿಷ್ಟೂ ಜಾಗ ಇಲ್ಲದ್ದು. ನನಗೆ ಎರಡನೆಯದು ತುಂಬಾ ಇಷ್ಟ. ನರಕ ಎಲ್ಲಿದೆ ಅನ್ನುವುದನ್ನು ಬಿಟ್ಟು ಹೇಗಿದೆ ಅಂತ ಹೇಳುತ್ತದೆ ಅದು.

ಆಮೇಲೆ ಲೆಕ್ಕ ಬೆಳೆಯುತ್ತಾ ಹೋಯಿತು. ಮನುಸ್ಮೃತಿಯಲ್ಲಿ 21 ನರಕಗಳು. ಭಾಗವತದ ಐದನೇ ಸ್ಕಂಧದಲ್ಲಿ 28. ಗರುಡ ಪುರಾಣದ ಹೊತ್ತಿಗೆ 84 ಲಕ್ಷ, ಅದರಲ್ಲಿ 21 ಮುಖ್ಯ. ಈ ಬೆಳವಣಿಗೆ ನೋಡಿದರೇ ಗೊತ್ತಾಗುತ್ತದೆ, ಇದು ಯಾರೋ ಹೋಗಿ ನೋಡಿ ಬಂದು ಬರೆದ ನಕಾಶೆ ಅಲ್ಲ ಅಂತ.

ವಾಸ್ಕೊ ವಾಸಿ

ಮೇಷ್ಟ್ರೇ, ಗೋವಾದಿಂದ ಒಂದು ಸೇರಿಸುತ್ತೇನೆ. ಇಲ್ಲಿನ ಕ್ಯಾಥೊಲಿಕ್ ಜನ ಕೊಂಕಣಿಯಲ್ಲಿ ನರಕಕ್ಕೆ 'ಯೆಮ್ಕೊಂಡ್' ಅನ್ನುತ್ತಾರೆ. ಯಮಕುಂಡ, ಅಷ್ಟೇ. ಯಮನ ಗುಂಡಿ. ನಾನೂರು ವರ್ಷಕ್ಕಿಂತ ಜಾಸ್ತಿ ಕಾಲ ಪೋರ್ಚುಗೀಸರು ಇದ್ದರು, ಅವರ ಭಾಷೆಯಲ್ಲಿ 'ಇನ್ಫೆರ್ನೊ' ಅಂತ ಪದ ಇತ್ತು. ಆದರೂ ಜನರ ಬಾಯಲ್ಲಿ ಉಳಿದದ್ದು ಯಮನೇ. ನಮ್ಮ ಪಕ್ಕದ ಮನೆಯ ಅಜ್ಜಿ ಚರ್ಚಿನ ಪ್ರಾರ್ಥನೆಯಲ್ಲಿ ಆ ಮಾತು ಹೇಳುವುದು ಕೇಳಿ ನನಗೆ ಮೈ ಜುಂ ಅಂದಿತ್ತು. ಹಾಗಾಗಿ ನಿಮ್ಮ ಮಗಳ ಪ್ರಶ್ನೆ ದೊಡ್ಡ ಪ್ರಶ್ನೆಯೇ ಅಕ್ಕಾ. ಒಂದೇ ಜಾಗವೋ ಅಲ್ಲವೋ ಗೊತ್ತಿಲ್ಲ. ಹೆಸರನ್ನಂತೂ ಹಂಚಿಕೊಂಡಿದ್ದಾರೆ.

ಇನ್ನು ನರಕಾಸುರ. ಇಲ್ಲಿ ನರಕ ಚತುರ್ದಶಿಯ ಹಿಂದಿನ ರಾತ್ರಿ ಗಲ್ಲಿಗಲ್ಲಿಗೂ ಅವನ ದೊಡ್ಡ ದೊಡ್ಡ ಗೊಂಬೆ ನಿಲ್ಲಿಸಿ ಬೆಳಗಿನ ಜಾವ ಸುಡುತ್ತಾರೆ. ಸ್ಪರ್ಧೆಯೂ ಇರುತ್ತದೆ. ಆಮೇಲೆ ಎಣ್ಣೆಸ್ನಾನ, ಕಾಲಿನಿಂದ ಕಾರೀಟ್ ಅನ್ನುವ ಕಹಿ ಕಾಯಿ ಒಡೆಯುವುದು. ಅವನು ಭೂದೇವಿಯ ಮಗ, ಪ್ರಾಗ್ಜ್ಯೋತಿಷದ ರಾಜ. ಅವನಿಗೂ ನರಕಲೋಕಕ್ಕೂ ಸಂಬಂಧ ಇದೆಯಾ?

ಮಾಟುಂಗಾ ಮೇಷ್ಟ್ರು

ಕಥೆಯಲ್ಲಿ ಅವನು ನರಕಲೋಕದ ಒಡೆಯ ಏನಲ್ಲ. ಹೆಸರು ಮಾತ್ರ ಒಂದೇ. ಆದರೆ ಆ ದಿನಕ್ಕೆ ಎರಡೂ ಕೂಡಿಕೊಂಡಿವೆ. ಅವತ್ತು ಸ್ನಾನ ಆದ ಮೇಲೆ ಯಮನ ಹದಿನಾಲ್ಕು ಹೆಸರು ಹೇಳಿ ತರ್ಪಣ ಕೊಡುವ ಪದ್ಧತಿ ಇದೆ. ನರಕದ ಭಯ ಕಳೆಯಲಿ ಅಂತ. ಇಲ್ಲಿ ಮರಾಠಿ ಮನೆಗಳಲ್ಲಿ 'ಸೂರ್ಯ ಹುಟ್ಟುವ ಮೊದಲು ಮೀಯದಿದ್ದರೆ ನರಕಕ್ಕೆ ಹೋಗುತ್ತೀಯ' ಅಂತ ಮಕ್ಕಳನ್ನು ಎಬ್ಬಿಸುತ್ತಾರೆ. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ?

ಈಗ ಇಂಗ್ಲಿಷಿನ ಹೆಲ್. ಅದರ ಹಳೆಯ ಬೇರಿನ ಅರ್ಥ ಮುಚ್ಚುವುದು, ಮರೆಮಾಡುವುದು. ತಲೆಗೆ ಹಾಕುವ ಹೆಲ್ಮೆಟ್ ಕೂಡ ಅದೇ ಬೇರಿನದು. ಉತ್ತರ ಯುರೋಪಿನ ಹಳೆಯ ಕಥೆಗಳಲ್ಲಿ ಹೆಲ್ ಅನ್ನುವುದು ಒಬ್ಬ ಹೆಣ್ಣಿನ ಹೆಸರು, ಲೋಕಿ ಅನ್ನುವ ದೇವರ ಮಗಳು. ರೋಗದಿಂದ, ಮುಪ್ಪಿನಿಂದ ಸತ್ತವರು ಅವಳ ಮನೆಗೆ ಹೋಗುತ್ತಾರೆ. ಪಾಪ ಮಾಡಿರಬೇಕು ಅಂತಿಲ್ಲ. ಅಲ್ಲಿ ಬೆಂಕಿಯೂ ಇಲ್ಲ, ಚಳಿ ಮತ್ತು ಮಂಜು. ಕ್ರೈಸ್ತ ಧರ್ಮ ಆ ಕಡೆ ಹೋದಾಗ ಈ ಪದವನ್ನು ತೆಗೆದುಕೊಂಡು ಹೊಸ ಅರ್ಥ ತುಂಬಿತು.

ಬೈಬಲಿನ ಮೂಲದಲ್ಲಿ ಹೆಲ್ ಅಂತ ಒಂದೇ ಪದ ಇಲ್ಲ. ಹೀಬ್ರೂ ಭಾಗದಲ್ಲಿ 'ಶಿಯೋಲ್' ಇದೆ. ಒಳ್ಳೆಯವರು, ಕೆಟ್ಟವರು ಎಲ್ಲರೂ ಸತ್ತ ಮೇಲೆ ಹೋಗುವ ಕತ್ತಲ ಜಾಗ. ಗ್ರೀಕಿನಲ್ಲಿ ಅದಕ್ಕೆ 'ಹೇಡಿಸ್'. ಕನ್ನಡ ಬೈಬಲ್ ಇವೆರಡಕ್ಕೆ ಪಾತಾಳ ಅನ್ನುತ್ತದೆ. ಸರಿಯಾಗಿಯೇ ಬೇರೆ ಮಾಡಿದ್ದಾರೆ. ನರಕ ಅಂತ ಬಳಸಿದ್ದು 'ಗೆಹೆನ್ನಾ' ಅನ್ನುವ ಪದಕ್ಕೆ.

ಗೆಹೆನ್ನಾ ಒಂದು ನಿಜವಾದ ಜಾಗ! ಜೆರುಸಲೇಮಿನ ದಕ್ಷಿಣಕ್ಕಿರುವ ಹಿನ್ನೋಮ್ ಕಣಿವೆ. ಇವತ್ತಿಗೂ ಹೋಗಿ ನೋಡಬಹುದು. ಅಲ್ಲಿ ಹಿಂದೆ ಮಕ್ಕಳನ್ನು ಬೆಂಕಿಗೆ ಬಲಿ ಕೊಡುತ್ತಿದ್ದರು ಅಂತ ಬೈಬಲೇ ಹೇಳುತ್ತದೆ. ಅಹಾಜ, ಮನಸ್ಸೆ ಅನ್ನುವ ರಾಜರು ತಮ್ಮ ಮಕ್ಕಳನ್ನೇ ಕೊಟ್ಟರಂತೆ. ಯೋಷೀಯ ರಾಜ ಅದನ್ನು ನಿಲ್ಲಿಸಿ ಆ ಜಾಗವನ್ನು ಕೆಡಿಸಿದ. ಯೆರೆಮೀಯ ಪ್ರವಾದಿ ಅದನ್ನು ಕೊಲೆಯ ಕಣಿವೆ ಅಂತ ಕರೆದ. ಹೆತ್ತವರು ಮಕ್ಕಳನ್ನು ಸುಟ್ಟ ಜಾಗದ ಹೆಸರೇ ಮುಂದೆ ಪಾಪಿಗಳು ಸುಡುವ ಜಾಗದ ಹೆಸರಾಯಿತು. ಅರಬ್ಬಿಯ ಜಹನ್ನಮ್ ಕೂಡ ಅದೇ ಪದ.

ಅಲ್ಲಿ ಊರ ಕಸ ಸುಡುತ್ತಿದ್ದರು, ಅದಕ್ಕೇ ನರಕದಲ್ಲಿ ಬೆಂಕಿ ಅಂತ ಬಹಳ ಕಡೆ ಬರೆದಿರುತ್ತಾರೆ. ನಂಬಬೇಡಿ. ಆ ಮಾತು ಸಿಗುವುದು ಕ್ರಿ.ಶ. 1200ರ ಸುಮಾರಿನ ಒಬ್ಬ ಯಹೂದಿ ಪಂಡಿತರ ವ್ಯಾಖ್ಯಾನದಲ್ಲಿ. ನೆಲ ಅಗೆದವರಿಗೆ ಅದಕ್ಕೆ ಸಾಕ್ಷಿ ಸಿಕ್ಕಿಲ್ಲ.

ಗೋರೆಗಾಂವ್ ಉಡುಪಿ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಮಾಹಿತಿ ಚೆನ್ನಾಗಿದೆ ಮೇಷ್ಟ್ರೇ. ಆದರೆ 'ಇದೆಲ್ಲ ಕಾಲಕಾಲಕ್ಕೆ ಬೆಳೆದದ್ದು, ಹಾಗಾಗಿ ಹೆದರಬೇಕಿಲ್ಲ' ಅನ್ನುವ ಕಡೆಗೆ ಮಾತು ಹೋಗುತ್ತಿದೆ. ನಾನು ಒಪ್ಪುವುದಿಲ್ಲ. ನಾವು ಮಾಧ್ವರು. ಆಚಾರ್ಯ ಮಧ್ವರು ಜೀವರಲ್ಲಿ ಮೂರು ಬಗೆ ಹೇಳಿದ್ದಾರೆ. ಮುಕ್ತಿಗೆ ಯೋಗ್ಯರು, ನಿತ್ಯ ಸಂಸಾರದಲ್ಲೇ ಸುತ್ತುವವರು, ತಮಸ್ಸಿಗೆ ಯೋಗ್ಯರು. ಕೊನೆಯವರಿಗೆ ಅಂಧಂತಮಸ್ಸು, ಅಂದರೆ ಕಡುಗತ್ತಲೆಯ ನಿತ್ಯ ನರಕ. ಅಲ್ಲಿಂದ ವಾಪಸ್ ಬರುವುದಿಲ್ಲ. ಭಾರತದ ಬೇರೆ ಯಾವ ವೇದಾಂತಿಯೂ ಇಷ್ಟು ಖಚಿತವಾಗಿ ಇದನ್ನು ಹೇಳಲಿಲ್ಲ. ಕಹಿ ಮಾತು, ನಿಜ. ಆದರೆ ಲೋಕದಲ್ಲಿ ಕೆಲವರ ಕ್ರೌರ್ಯ ನೋಡಿದರೆ, ಅದಕ್ಕೆ ಒಂದು ಕೊನೆ ಉತ್ತರ ಬೇಡವಾ? ಭಯವೂ ಮನುಷ್ಯನಿಗೆ ಬೇಕು. ಭಯ ಹೋದ ಮೇಲೆ ಏನಾಗುತ್ತದೆ ಅಂತ ದಿನಾ ಪೇಪರಿನಲ್ಲಿ ನೋಡುತ್ತಿಲ್ಲವೇ?

ಪಿಂಪ್ರಿ ವಿಜಯಪುರ

ಭಯದಿಂದ ಮನುಷ್ಯ ಸುಧಾರಿಸುತ್ತಾನೆ ಅನ್ನುವುದು ನನಗೆ ಒಪ್ಪಿಗೆ ಇಲ್ರೀ. ಬಸವಣ್ಣನವರು ಹೇಳಿದ್ದು 'ಆಚಾರವೆ ಸ್ವರ್ಗ, ಅನಾಚಾರವೆ ನರಕ'. ಎರಡೂ ಇಲ್ಲೇ. ಒಬ್ಬರನ್ನು ಹೇಗೆ ಮಾತಾಡಿಸುತ್ತೀರಿ ಅನ್ನುವುದರಲ್ಲೇ. ಸತ್ತ ಮೇಲಿನ ಲೆಕ್ಕ ಯಾಕೆ?

ಗೋರೆಗಾಂವ್ ಉಡುಪಿ

ವಚನಗಳಲ್ಲೇ 'ನಾಯಕ ನರಕ ತಪ್ಪದು' ಅಂತ ಎಷ್ಟು ಸಲ ಬರುವುದಿಲ್ಲ? ಅಲ್ಲಿ ಭಯ ಇಲ್ಲವಾ ಸರ್?

ಪಿಂಪ್ರಿ ವಿಜಯಪುರ

ಬರುತ್ತದೆ, ಹೌದು. ನಾಯಕ ನರಕ, ಅಘೋರ ನರಕ ಎರಡೂ ಬರುತ್ತವೆ. ಆದರೆ ಯಾರಿಗೆ ಹೇಳಿದ್ದು ನೋಡಿ. ವೇಷ ಹಾಕಿಕೊಂಡು ನಡತೆ ಬಿಟ್ಟವರಿಗೆ, ಭಕ್ತಿಯ ಹೆಸರಲ್ಲಿ ಮೋಸ ಮಾಡುವವರಿಗೆ ಹೇಳಿದ್ದೇ ಜಾಸ್ತಿ. ದುಃಖದಲ್ಲಿ ಕೂತ ಹೆಂಗಸಿಗಲ್ಲ. ಮಾತು ಒಂದೇ ಇರಬಹುದು, ಯಾರ ಕಡೆ ತಿರುಗಿಸುತ್ತೇವೆ ಅನ್ನುವುದು ಮುಖ್ಯ.

ಪುಣೆ ಓದುಗ

ಇದು ಸರಿಯಾದ ಮಾತು. ನಾನು ಡೆಕ್ಕನ್ ಕಡೆ ಇರುವವನು. ನಮ್ಮೂರಿನ ಭಂಡಾರ್ಕರ್ ಸಂಸ್ಥೆ 1966ರಲ್ಲಿ ಮಹಾಭಾರತದ ಸಂಶೋಧಿತ ಪಾಠವನ್ನು ಮುಗಿಸಿತು. ಅದರ ಕೊನೆಯ ಪರ್ವ ಸ್ವರ್ಗಾರೋಹಣ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ನಮ್ಮಲ್ಲಿ ಈ ಭಾಗ ಅಷ್ಟಾಗಿ ಜನರ ಬಾಯಲ್ಲಿಲ್ಲ. ಧರ್ಮರಾಯ ಸ್ವರ್ಗಕ್ಕೆ ಹೋದರೆ ಅಲ್ಲಿ ದುರ್ಯೋಧನ ಪೀಠದ ಮೇಲೆ ಕೂತಿದ್ದಾನೆ. ನನ್ನ ತಮ್ಮಂದಿರು ಎಲ್ಲಿ ಅಂತ ಕೇಳುತ್ತಾನೆ. ದೂತ ಕತ್ತಲೆಯ, ದುರ್ನಾತದ ದಾರಿಯಲ್ಲಿ ಕರೆದುಕೊಂಡು ಹೋಗುತ್ತಾನೆ. ತಡೆಯಲಾರದೆ ಹಿಂತಿರುಗಬೇಕು ಅಂದಾಗ ದನಿಗಳು ಕೇಳುತ್ತವೆ. ಸ್ವಲ್ಪ ಹೊತ್ತು ನಿಲ್ಲು, ನೀನು ಬಂದಿದ್ದರಿಂದ ತಂಪು ಗಾಳಿ ಬೀಸುತ್ತಿದೆ ಅನ್ನುತ್ತವೆ. ಯಾರು ನೀವು ಅಂದರೆ, ನಾನು ಕರ್ಣ, ನಾನು ಭೀಮ, ನಾನು ದ್ರೌಪದಿ ಅಂತ ಉತ್ತರ ಬರುತ್ತದೆ. ಧರ್ಮರಾಯ ದೂತನಿಗೆ ನೀನು ಹೋಗು, ನಾನು ಇಲ್ಲೇ ಇರುತ್ತೇನೆ ಅನ್ನುತ್ತಾನೆ. ಆಮೇಲೆ ಆ ನೋಟವೇ ಕರಗಿಹೋಗುತ್ತದೆ.

ನನಗೆ ನಮ್ಮ ಪರಂಪರೆಯಲ್ಲಿ ನರಕದ ಬಗ್ಗೆ ಇದಕ್ಕಿಂತ ದೊಡ್ಡ ಮಾತು ಕಂಡಿಲ್ಲ. ನರಕ ಅಂದಾಗ ನಾವೆಲ್ಲ ನಮ್ಮನ್ನು ಹೇಗೆ ಉಳಿಸಿಕೊಳ್ಳುವುದು ಅಂತ ಯೋಚಿಸುತ್ತೇವೆ. ಅವನು ನೋಯುತ್ತಿರುವವರ ಜೊತೆ ನಿಲ್ಲಲು ಸಿದ್ಧನಾದ.

ಅಕ್ಕಾ, ಸಾವಿನ ಮನೆಗಳಲ್ಲಿ ಸಾಮಾನ್ಯವಾಗಿ ಓದುವುದು ಗರುಡ ಪುರಾಣದ 'ಸಾರೋದ್ಧಾರ' ಅನ್ನುವ ಚಿಕ್ಕ ರೂಪ. ಹದಿನಾರು ಅಧ್ಯಾಯ ಇದೆ. ಕೊನೆಯದು ಮೋಕ್ಷದ ಬಗ್ಗೆ. ಅದರಲ್ಲಿ ಬರೀ ಕರ್ಮ ಮಾಡಿಕೊಂಡು ಅದರಿಂದಲೇ ಮುಕ್ತಿ ಅಂದುಕೊಂಡವರನ್ನು ನೇರವಾಗಿ ಟೀಕಿಸಿದೆ. ಮೈಗೆ ಬೂದಿ ಬಳಿದುಕೊಂಡರೆ ಮುಕ್ತಿ ಸಿಗುವುದಾದರೆ, ಯಾವಾಗಲೂ ಬೂದಿಯಲ್ಲೇ ಮಲಗುವ ನಾಯಿಗೂ ಸಿಗಬೇಕಲ್ಲ ಅಂತ ಕೇಳುತ್ತದೆ. ಅದೇ ಪುಸ್ತಕ! ನಿಮ್ಮ ಮನೆಯಲ್ಲಿ ಆ ಅಧ್ಯಾಯ ಓದಿದರಾ?

ಡೊಂಬಿವಲಿ ಕನ್ನಡತಿ

ಇಲ್ಲ. ದಾನದ ಭಾಗ ಆದ ಮೇಲೆ ಬೇಗ ಬೇಗ ಮುಗಿಸಿದರು.

ಹಡಪ್ಸರ್ ಬೆಳಗಾವಿ

ಜೈನರ ಕಡೆಯಿಂದ ನಾನು ಬರೆಯುತ್ತೇನೆ. ನಮ್ಮಲ್ಲಿ ಏಳು ನರಕಗಳು, ಒಂದರ ಕೆಳಗೆ ಒಂದು. ರತ್ನಪ್ರಭಾದಿಂದ ಶುರುವಾಗಿ ಮಹಾತಮಃಪ್ರಭಾವರೆಗೆ. ಮೇಲಿನವು ಉರಿ ಬಿಸಿ, ತಳದವು ಕೊರೆಯುವ ಚಳಿ. ಅಲ್ಲಿ ತೀರ್ಪು ಕೊಡುವ ದೇವರಿಲ್ಲ. ಕರ್ಮದ ಭಾರ ಎಷ್ಟೋ ಅಷ್ಟು ಕೆಳಗೆ. ಕಾಲ ಬಹಳ ದೀರ್ಘ, ಆದರೆ ಮುಗಿಯುತ್ತದೆ. ಅಲ್ಲಿಂದ ಹೊರಟ ಜೀವ ತಕ್ಷಣ ಇನ್ನೊಮ್ಮೆ ನರಕದಲ್ಲಿ ಹುಟ್ಟುವುದಿಲ್ಲ.

ಮಗಧದ ಶ್ರೇಣಿಕ ರಾಜ ಮಹಾವೀರರ ದೊಡ್ಡ ಭಕ್ತ. ಆದರೆ ಅದಕ್ಕೆ ಮುಂಚೆಯೇ ನರಕದ ಆಯುಷ್ಯ ಕಟ್ಟಿಕೊಂಡಿದ್ದ, ಅಂದರೆ ಮುಂದಿನ ಹುಟ್ಟು ನರಕದಲ್ಲೇ ಅನ್ನುವ ಕರ್ಮ. ಹಾಗಾಗಿ ಈಗ ಮೊದಲ ನರಕದಲ್ಲಿದ್ದಾನೆ ಅಂತ ನಂಬಿಕೆ. ಅಲ್ಲಿಂದ ಬಂದು ಮುಂದಿನ ಕಾಲಚಕ್ರದಲ್ಲಿ ಮೊದಲ ತೀರ್ಥಂಕರನಾಗುತ್ತಾನೆ. ನರಕದಲ್ಲಿರುವ ಜೀವಕ್ಕೆ ನಾವು ಭಾವಿ ತೀರ್ಥಂಕರ ಅಂತ ಕೈ ಮುಗಿಯುತ್ತೇವೆ. ಚಿಕ್ಕವನಿದ್ದಾಗ ಅಜ್ಜಿ ಹೇಳಿದ ಈ ಕಥೆ ಕೇಳಿ ಎಷ್ಟು ಸಮಾಧಾನವಾಗಿತ್ತು ಗೊತ್ತಾ?

ಕುರ್ಲಾ ಹುಬ್ಬಳ್ಳಿ

ನಮ್ಮಲ್ಲೂ ಏಳು. ಜಹನ್ನಮಿಗೆ ಏಳು ಬಾಗಿಲು ಅಂತ ಕುರಾನಿನ 15ನೇ ಅಧ್ಯಾಯದಲ್ಲಿ ಇದೆ. ನಂಬಿಕೆ ಇದ್ದೂ ಪಾಪ ಮಾಡಿದವರು ಶಿಕ್ಷೆ ಅನುಭವಿಸಿ ಕೊನೆಗೆ ಹೊರಗೆ ಬರುತ್ತಾರೆ ಅನ್ನುವುದು ಸುನ್ನಿಗಳಲ್ಲಿ ಬಹುತೇಕ ಎಲ್ಲರೂ ಒಪ್ಪುವ ಮಾತು. ಎದೆಯಲ್ಲಿ ಒಂದು ಕಾಳಿನಷ್ಟು ಈಮಾನ್, ಅಂದರೆ ನಂಬಿಕೆ, ಇದ್ದರೂ ಸಾಕು ಅಂತ ಹದೀಸು (ಪ್ರವಾದಿಯವರ ಮಾತು) ಇದೆ. ಅಲ್ಲಾಹನ ಕರುಣೆ ಅವನ ಕೋಪಕ್ಕಿಂತ ಮುಂದೆ ಅನ್ನುತ್ತಾರೆ.

ಅಕ್ಕಾ, ಸಾವಿನ ಮನೆಯಲ್ಲಿ ಹೆದರಿಸುವವರು ನಮ್ಮಲ್ಲೂ ಇದ್ದಾರೆ. ಗೋರಿಯ ಶಿಕ್ಷೆಯ ಬಗ್ಗೆ ಹೇಳಿ ಹೇಳಿ ನಮ್ಮ ಚಿಕ್ಕಮ್ಮನನ್ನು ಒಬ್ಬರು ಅಳಿಸಿಬಿಟ್ಟರು. ನಮ್ಮ ತಂದೆ ಎದ್ದು ನಿಂತು, ಇವತ್ತು ದುವಾ ಮಾಡೋಣ, ಆ ಮಾತು ಸಾಕು ಅಂದರು. ಹಾಗೆ ಹೇಳುವ ಹಕ್ಕು ಮನೆಯವರಿಗೆ ಇದೆ.

ಮಾಟುಂಗಾ ಮೇಷ್ಟ್ರು

ನಿಮ್ಮ ತಂದೆ ದೊಡ್ಡವರು.

ಯಹೂದಿಗಳ ಒಂದು ಪದ್ಧತಿ ಹೇಳಲೇಬೇಕು. ಅವರ ಮಿಶ್ನಾ ಗ್ರಂಥದ ಪ್ರಕಾರ ಗೆಹಿನ್ನೋಮಿನಲ್ಲಿ (ಮೇಲೆ ಹೇಳಿದ ಗೆಹೆನ್ನಾದ ಹೀಬ್ರೂ ಹೆಸರು) ಕೆಟ್ಟವರ ಶಿಕ್ಷೆ ಹನ್ನೆರಡು ತಿಂಗಳು. ಅಷ್ಟೇ. ತಂದೆ ತಾಯಿ ಸತ್ತರೆ ಮಕ್ಕಳು ದಿನಾ 'ಕದ್ದಿಶ್' ಅನ್ನುವ ಪ್ರಾರ್ಥನೆ ಹೇಳುತ್ತಾರೆ. ಆದರೆ ಹನ್ನೊಂದು ತಿಂಗಳಿಗೇ ನಿಲ್ಲಿಸುತ್ತಾರೆ. ಯಾಕೆಂದರೆ ಪೂರ್ತಿ ಹನ್ನೆರಡು ತಿಂಗಳು ಹೇಳಿದರೆ, ನಮ್ಮ ಅಪ್ಪ ಅಷ್ಟು ಕೆಟ್ಟವರು ಅಂತ ನಾವೇ ಒಪ್ಪಿಕೊಂಡ ಹಾಗೆ ಆಗುತ್ತದೆ!

ನಮ್ಮಲ್ಲೂ ಸತ್ತ ಜೀವ ಯಮನ ಊರಿಗೆ ನಡೆಯಲು ಒಂದು ವರ್ಷ. ಗರುಡ ಪುರಾಣ 86,000 ಯೋಜನ ದಾರಿ ಅನ್ನುತ್ತದೆ. ಅದಕ್ಕೇ ತಿಂಗಳು ತಿಂಗಳು ಮಾಸಿಕ, ಕೊನೆಗೆ ವರ್ಷಾಬ್ದಿಕ. ಆ ದಾರಿಗೆ ಬುತ್ತಿ ಕಟ್ಟಿ ಕಳಿಸುವುದು ಅನ್ನುವುದೇ ಮಾಸಿಕದ ಭಾವ. ಭಯ ಅದರ ಮೇಲೆ ಆಮೇಲೆ ಹೇರಿದ್ದು ಅಂತ ನನ್ನ ಅನಿಸಿಕೆ.

ಕ್ಯಾಥೊಲಿಕರಲ್ಲೂ ನೋಟ ಬದಲಾಗಿದೆ. ಪೋಪ್ ಎರಡನೇ ಜಾನ್ ಪಾಲ್ 1999ರಲ್ಲಿ ಹೇಳಿದರು: ಹೆಲ್ ಅನ್ನುವುದು ಒಂದು ಜಾಗ ಅನ್ನುವುದಕ್ಕಿಂತ, ದೇವರಿಂದ ತಾವಾಗಿಯೇ ದೂರವಾದವರ ಸ್ಥಿತಿ ಅಂತ. ನಮ್ಮ ವಿಷ್ಣು ಪುರಾಣವೂ ಮನಸ್ಸಿಗೆ ಹಿತ ಕೊಡುವುದು ಸ್ವರ್ಗ, ಅದರ ವಿರುದ್ಧದ್ದು ನರಕ ಅನ್ನುತ್ತದೆ. ಮಗಳಿಗೆ ಈ ಎರಡನ್ನೂ ಹೇಳಿ.

ಮುಲುಂಡ್ ತುಳುವೆ

ಪುರಾಣದ ಮಾತಾಯಿತು. ನಮ್ಮ ತುಳುವರ ಮನೆಗಳಲ್ಲಿ ಸತ್ತವರು ಎಲ್ಲೂ ದೂರ ಹೋಗುವುದಿಲ್ಲ. 'ಕುಲೆ'ಗಳಾಗಿ ಮನೆಯ ಸುತ್ತಲೇ ಇರುತ್ತಾರೆ. ಅವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದ ಅಡುಗೆ ಬಡಿಸುತ್ತೇವೆ. ಮದುವೆಯಾಗದೆ ಸತ್ತವರಿಗೆ ಆಟಿ ತಿಂಗಳಲ್ಲಿ ಮದುವೆಯನ್ನೂ ಮಾಡಿಸುತ್ತೇವೆ. ನರಕ ಅನ್ನುವ ಮಾತೇ ಆ ಹೊತ್ತಿಗೆ ಬರುವುದಿಲ್ಲ.

ಗೋರೆಗಾಂವ್ ಉಡುಪಿ

ಡೊಂಬಿವಲಿ ಅಕ್ಕನವರಿಗೆ. ನಿತ್ಯ ನರಕ ಇದೆ ಅನ್ನುವ ನನ್ನ ಮಾತು ಅಲ್ಲೇ ಇರಲಿ. ಆದರೆ ನಿಮ್ಮ ಅತ್ತೆಯವರಿಗೆ ಇದನ್ನು ಹೇಳಿ. ಬ್ರಹ್ಮಸೂತ್ರದಲ್ಲಿ ನರಕಗಳು ಏಳು ಅನ್ನುವ ಒಂದು ಸೂತ್ರ ಇದೆ. ಅದರ ಭಾಷ್ಯದಲ್ಲಿ ಆಚಾರ್ಯರು ಲೆಕ್ಕ ಬಿಡಿಸಿಕೊಡುತ್ತಾರೆ. ರೌರವ, ಮಹಾರೌರವ, ವಹ್ನಿ, ವೈತರಣಿ, ಕುಂಭೀಪಾಕ, ಈ ಐದೂ ಅನಿತ್ಯ. ಅಂದರೆ ಮುಗಿಯುವಂಥವು. ತಾಮಿಸ್ರ, ಅಂಧತಾಮಿಸ್ರ ಎರಡು ಮಾತ್ರ ನಿತ್ಯ. ಅವರನ್ನು ಹೆದರಿಸಿದ ಹೆಸರುಗಳೆಲ್ಲ ಮೊದಲ ಐದರಲ್ಲೇ ಇವೆ. ಮಧ್ವಮತದ ಪ್ರಕಾರವೂ ಅವು ಶಾಶ್ವತ ಅಲ್ಲ. ದೇವರನ್ನು ದ್ವೇಷಿಸುವ ಸ್ವಭಾವದವರಿಗೆ ಆ ಕೊನೆಯ ಎರಡು. ಒಂದು ದಾನ ಕಡಿಮೆಯಾಯಿತು ಅಂತ ಯಾರೂ ಅಲ್ಲಿಗೆ ಬೀಳುವುದಿಲ್ಲ. ಯಾವ ಜೀವ ಯಾವ ಬಗೆಯದು ಅಂತ ಹೇಳುವುದು ಪುರೋಹಿತರ ಕೆಲಸವೂ ಅಲ್ಲ. ಬೇಕಾದರೆ ಮುಂದಿನ ಮಾಸಿಕಕ್ಕೆ ನಾನೇ ಬರುತ್ತೇನೆ, ಅವರ ಹತ್ತಿರ ಕೂತು ಮಾತಾಡುತ್ತೇನೆ.

ಡೊಂಬಿವಲಿ ಕನ್ನಡತಿ

ಖಂಡಿತ ಬನ್ನಿ ಅಣ್ಣಾ. ಈ ಐದು ಹೆಸರಿನ ವಿಷಯ ಈಗಲೇ ಅವರಿಗೆ ಓದಿ ಹೇಳಿದೆ. ಮತ್ತೊಮ್ಮೆ ಓದು ಅಂದರು. ಪುಣೆಯವರು ಹೇಳಿದ ಹದಿನಾರನೇ ಅಧ್ಯಾಯ ಕನ್ನಡ ಅರ್ಥದ ಜೊತೆ ಎಲ್ಲಾದರೂ ಸಿಕ್ಕರೆ ತಿಳಿಸಿ, ಮಾಸಿಕದ ದಿನ ಅದನ್ನೇ ಓದಿಸುತ್ತೇವೆ.

ಕುರ್ಲಾ ಹುಬ್ಬಳ್ಳಿ

ಮೇಷ್ಟ್ರೇ, ಒಂದು ಉಳಿಯಿತು. ನಮ್ಮ ಮನೆಯಲ್ಲಿ ಹಿರಿಯರು ಜಹನ್ನಮ್ ಅನ್ನುವುದು ಕಡಿಮೆ, 'ದೋಜಖ್' ಅನ್ನುತ್ತಾರೆ. ಅದೂ ಅರಬ್ಬಿಯಾ?

ಮಾಟುಂಗಾ ಮೇಷ್ಟ್ರು

ಅಲ್ಲ, ಅದು ಪಾರಸಿ, ಅಂದರೆ ಪರ್ಷಿಯನ್ ಭಾಷೆಯದು. ಅದರ ಹಿಂದೆ ಇರುವುದು ಪಾರ್ಸಿಗಳ ಹಳೆಯ ಅವೆಸ್ತಾ ಭಾಷೆಯ ಪದ, ಅರ್ಥ 'ಕೆಟ್ಟ ಬಾಳು'. ಅದರ 'ದುಜ್', ನಮ್ಮ 'ದುಃಖ', 'ದುರ್ಜನ'ದಲ್ಲಿರುವ 'ದುಸ್' ಎರಡೂ ಒಂದೇ. ಪಾರ್ಸಿಗಳಿಗೆ ಬೆಂಕಿ ಪವಿತ್ರ. ಹಾಗಾಗಿ ಅವರ ನರಕದಲ್ಲಿ ಹೆಚ್ಚಾಗಿ ಕತ್ತಲೆ, ಚಳಿ, ದುರ್ನಾತ. ಸತ್ತವರು ಚಿನ್ವತ್ ಅನ್ನುವ ಸೇತುವೆ ದಾಟಬೇಕು. ಒಳ್ಳೆಯವರಿಗೆ ಅದು ಅಗಲವಾಗುತ್ತದೆ, ಕೆಟ್ಟವರಿಗೆ ಕಿರಿದಾಗುತ್ತದೆ. ಆದರೆ ಲೋಕದ ಕೊನೆಯಲ್ಲಿ ಕರಗಿದ ಲೋಹದ ಹೊಳೆ ಹರಿದು ಎಲ್ಲರೂ ಶುದ್ಧರಾಗುತ್ತಾರೆ, ನರಕವೂ ಮುಗಿಯುತ್ತದೆ ಅಂತ ಅವರ ಗ್ರಂಥ ಹೇಳುತ್ತದೆ. ಗೋರೆಗಾಂವಿನವರೇ, ಇದರ ಬಗ್ಗೆ ನೀವು ಏನು ಹೇಳುತ್ತೀರಿ ಅಂತ ಕೇಳುವ ಆಸೆ ಇದೆ.

ಗೋರೆಗಾಂವ್ ಉಡುಪಿ

ಅದನ್ನು ನಂಬಲು ನನಗೆ ಆಗುವುದಿಲ್ಲ ಮೇಷ್ಟ್ರೇ. ಆದರೆ ಯಾರಾದರೂ ಹಾಗೆ ನಂಬಿದರೆ ಅವರನ್ನು ತಪ್ಪು ಅನ್ನಲೂ ಮನಸ್ಸು ಬರುವುದಿಲ್ಲ. ಆ ಪುಸ್ತಕದ ಹೆಸರು ಹೇಳಿ, ಓದುತ್ತೇನೆ.

ಮಾಟುಂಗಾ ಮೇಷ್ಟ್ರು

'ಬುಂದಹಿಶ್ನ್'. ಜೊತೆಗೆ 'ಅರ್ದಾ ವಿರಾಫ್ ನಾಮಗ್' ಕೂಡ ನೋಡಿ. ಒಬ್ಬ ಧರ್ಮಿಷ್ಠ ಸ್ವರ್ಗ ನರಕ ಎರಡನ್ನೂ ಸುತ್ತಿ ಬಂದ ಕಥೆ. ಎರಡಕ್ಕೂ ಇಂಗ್ಲಿಷ್ ಅನುವಾದ ಇದೆ.